ಗರುಡ ಸುತ್ತಿದ ಮಧ್ಯಾಹ್ನ

ಎಲ್ಲರಿಗೂ ಗದ್ದದ ಕೆಳಗಿನ ಚರ್ಮ ಮುಖಕ್ಕಿಂತ ತುಸು ಬೆಳ್ಳಗಿರುತ್ತದೆ, ಬಿಸಿಲು ಅಲ್ಲಿಗೆ ತಲುಪುವುದಿಲ್ಲ. ನಮ್ಮ ಪಕ್ಕದ ಮನೆಯ ಮಾವನಿಗೆ ಅದು ತಿರುವುಮುರುವು. ಟೋಪಿಯ ಮರೆಯಲ್ಲಿದ್ದ ಹಣೆ ಎಣ್ಣೆಗೆಂಪು, ಗದ್ದದಿಂದ ಗಂಟಲ ಗುಳಿಯವರೆಗೆ ಸುಟ್ಟ ಹೆಂಚಿನ ಬಣ್ಣ. ಇಪ್ಪತ್ತು ವರ್ಷ ಬೊಂಬಾಯಿ ಕಡೆಯ ವಿಮಾನ ನಿಲ್ದಾಣವೊಂದರಲ್ಲಿ ಮುಖ ಮೇಲೆತ್ತಿ ನಿಂತವರು ಅವರು. ವಿಮಾನ ಏರುವ, ಇಳಿಯುವ ಹಾದಿಯಿಂದ ಹಕ್ಕಿ ಓಡಿಸುವುದು ಅವರ ಕೆಲಸವಾಗಿತ್ತು. ಗಂಗೊಳ್ಳಿಯಲ್ಲಿ ಇದನ್ನು ಕೇಳಿದವರು ಮೊದಲು ನಗುತ್ತಿದ್ದರು, ಆಮೇಲೆ ಅದಕ್ಕೂ ಸಂಬಳ ಕೊಡುತ್ತಾರಾ ಎಂದು ವಿಚಾರಿಸುತ್ತಿದ್ದರು. ಏರೋಡ್ರಂ ಮಾವ ಎಂಬ ಹೆಸರು ಬಿದ್ದದ್ದು ಹೀಗೆ, ತಮಾಷೆಗೆ. ಅವರ ನಿಜವಾದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆಯುವ ಯೋಗ್ಯತೆ ನನಗಿಲ್ಲ ಎಂಬುದು ಮುಂದೆ ಓದಿದವರಿಗೆ ತಿಳಿಯುತ್ತದೆ.

ಅವರ ಹೆಂಡತಿ ಬೊಂಬಾಯಿಯಲ್ಲೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅವರು ಊರಿಗೆ ಮರಳಿದ ವರ್ಷವೇ ನಮ್ಮ ಅಪ್ಪ ತೀರಿಹೋದರು. ಮನೆಯಲ್ಲಿ ಅಮ್ಮ, ಶಾಲೆಗೆ ಹೋಗುವ ಇಬ್ಬರು ತಮ್ಮಂದಿರು, ಮದುವೆಯ ವಯಸ್ಸಿನ ನಾನು. ನನ್ನನ್ನು ಕುಂದಾಪುರದ ಟೈಪಿಂಗ್ ಕ್ಲಾಸಿಗೆ ಸೇರಿಸಲು ಅಮ್ಮನನ್ನು ಒಪ್ಪಿಸಿದವರು ಮಾವ. ಹೆಣ್ಣುಮಕ್ಕಳು ದಿನಾ ದೋಣಿಯಲ್ಲಿ ಹೊಳೆ ದಾಟಿ ಹೋಗುವುದಾ ಎಂದು ನೆರೆಯವರು ಮೂಗು ಮುರಿದಾಗ, ಮೊದಲ ಒಂದು ವಾರ ತಾವೇ ನನ್ನ ಜೊತೆ ದೋಣಿಯಲ್ಲಿ ಕುಳಿತು ಬಂದರು. ಆಚೆ ದಡದಲ್ಲಿ ಇಳಿಸಿ, ಅದೇ ದೋಣಿಯಲ್ಲಿ ವಾಪಸು. ಮುಂದೆ ನನಗೆ ಕುಂದಾಪುರದಲ್ಲೇ ಒಂದು ಸರಕಾರಿ ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಯಾವ ಕಚೇರಿ ಎಂದು ಹೇಳುವುದು ಬೇಡ, ಅಲ್ಲಿ ಒಳ್ಳೆಯವರೂ ಇದ್ದರು.

ಮಾವನದು ವಿಚಿತ್ರ ಕಾಟ. ಕೇರಿಯ ಹೆಂಗಸರು ಬಾವಿಕಟ್ಟೆಯ ಬಳಿ ಮೀನು ಹಸನು ಮಾಡಿ ಕರುಳು, ತಲೆ ಎಲ್ಲ ಅಲ್ಲೇ ಬಿಸಾಡಿದರೆ ಗುದ್ದಲಿ ಹಿಡಿದು ಬಂದುಬಿಡುತ್ತಿದ್ದರು. ತೆಂಗಿನ ಬುಡದಲ್ಲಿ ಗುಂಡಿ ತೋಡಿ, ಅದನ್ನೆಲ್ಲ ಹಾಕಿ, ಮೇಲೆ ಬೂದಿ ಸುರಿದು ಮುಚ್ಚುವವರೆಗೆ ಬಾಯಿ ನಿಲ್ಲುತ್ತಿರಲಿಲ್ಲ. ಕಾಗೆ ತಿಂದರೆ ನಿಮಗೇನು ನಷ್ಟ ಎಂದು ಅಮ್ಮ ಗೊಣಗುತ್ತಿದ್ದಳು. ನಮ್ಮ ಬಾವಿಕಟ್ಟೆಯ ಮೇಲೆ ಯಾವ ವಿಮಾನ ಇಳಿಯುವುದಿತ್ತೋ ದೇವರಿಗೇ ಗೊತ್ತು. ಒಮ್ಮೆ ನಾನೂ ನಕ್ಕಿದ್ದಕ್ಕೆ ಗುದ್ದಲಿ ಕೆಳಗಿಟ್ಟು ನನ್ನನ್ನು ಕೂರಿಸಿಕೊಂಡು ಹೇಳಿದರು.

"ಹಕ್ಕಿ ಓಡ್ಸುದ್ ಕೆಲ್ಸ ಅಲ್ಲ ಮಗಾ. ಹಕ್ಕಿ ಎಂತಕ್ ಬಂತ್ ಅಂದೇಳಿ ಕಾಂಬುದ್ ಕೆಲ್ಸ."

ಅವರು ಕೆಲಸ ಮಾಡುತ್ತಿದ್ದ ಕಡೆ ಗೋಡೆಯ ಆಚೆಗೆ ಶಹರದ ಕಸದ ಗುಡ್ಡೆ ಇತ್ತಂತೆ, ಕಸಾಯಿಖಾನೆಯ ಕೊಳಕೂ ಅಲ್ಲಿಗೇ ಬಂದು ಬೀಳುತ್ತಿತ್ತಂತೆ. ಡಬ್ಬ ಬಡಿದು, ಪಟಾಕಿ ಹೊಡೆದು ರಣಹದ್ದುಗಳನ್ನು ಎಬ್ಬಿಸಿದರೆ ಅವು ಒಂದು ಸುತ್ತು ಹಾಕಿ ಮತ್ತೆ ಅಲ್ಲಿಗೇ ಬರುತ್ತಿದ್ದವಂತೆ. ಕಸ ತೆಗೆಯಿರಿ ಎಂದು ಇವರು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ದಿನ ರಣಹದ್ದು ಬಡಿದು ಒಂದು ಸಣ್ಣ ವಿಮಾನ ಇವರ ಕಣ್ಣೆದುರೇ ಬಿತ್ತು. ಹುಡುಕಲು ಹೋದವರಲ್ಲಿ ಇವರೂ ಒಬ್ಬರು. ಇವರ ಕೈಗೆ ಸಿಕ್ಕಿದ್ದು ಒಂದು ಶೂ ಮಾತ್ರ, ಲೇಸು ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ಇದನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ಅದೂ ತಲೆ ತಗ್ಗಿಸಿಕೊಂಡು.

ಅರವತ್ತರ ದಶಕದ ನಡುವಿನಲ್ಲಿ ಒಂದು ವರ್ಷ ಮಳೆ ಬಿಡುವ ಹೊತ್ತಿಗೆ ನಮ್ಮ ಕಡೆಯ ಭತ್ತದ ಗದ್ದೆಗಳಿಗೆಲ್ಲ ಹುಳ ಬಿತ್ತು. ಸಂಜೆ ಹಸಿರಾಗಿದ್ದ ಗದ್ದೆ ಬೆಳಗಾಗುವಾಗ ಕಡ್ಡಿಯಾಗಿರುತ್ತಿತ್ತು. ಬೈಂದೂರಿನಿಂದ ಕುಂದಾಪುರದವರೆಗೆ ಇದೇ ಮಾತು. ಔಷಧಿ ಹೊಡೆಯಲು ಒಂದು ಸಣ್ಣ ವಿಮಾನ ಕಳಿಸುತ್ತಾರೆ ಎಂದು ಸುದ್ದಿಯಾದಾಗ ಯಾರೂ ನಂಬಲಿಲ್ಲ. ಗಂಗೊಳ್ಳಿಯಿಂದ ಉತ್ತರಕ್ಕೆ ಎರಡು ಮೈಲಿ ದೂರದ, ಕೆಂಪು ಮುರಕಲ್ಲಿನ ಬಯಲನ್ನು ಮಟ್ಟಸ ಮಾಡಿ, ಸುಣ್ಣದ ಗೆರೆ ಎಳೆದು, ಕಂಬಕ್ಕೆ ಬಟ್ಟೆ ಕಟ್ಟಿದ ಮೇಲೆ ನಂಬಿದರು. ಊರಿನ ದೊಡ್ಡ ಒಕ್ಕಲು ಮನೆಗಳವರು ಸೇರಿ ಒಂದು ಸಮಿತಿ ಮಾಡಿದರು. ಅದರ ಅಧ್ಯಕ್ಷರು ನೂರಾರು ಮುಡಿ ಗದ್ದೆಯ ಯಜಮಾನರು, ಕೆಟ್ಟ ಮನುಷ್ಯರಲ್ಲ, ದೇವರು ದಿಂಡರೆಂದರೆ ಜೀವ. ನಮ್ಮ ಕಚೇರಿಯ ಸಾಹೇಬರೂ ಸಮಿತಿಯಲ್ಲಿದ್ದರು.

ಬಯಲಿನ ತುದಿಯಲ್ಲಿ ಕಲ್ಲು ಕಡಿದು ಬಿಟ್ಟ ದೊಡ್ಡ ಹೊಂಡವಿತ್ತು. ಮೀನು ಪೇಟೆಯ ಕೊಳೆ, ಊರ ಕಸ ಎಲ್ಲ ಗಾಡಿಯಲ್ಲಿ ಬಂದು ಬೀಳುತ್ತಿದ್ದದ್ದು ಅದರೊಳಗೆ. ವಿಮಾನ ಬಂದಿಳಿದ ದಿನ ಊರೇ ಅಲ್ಲಿ ನೆರೆದಿತ್ತು. ಸರಿಯಾಗಿ ಅದೇ ಹೊತ್ತಿಗೆ ಎರಡು ಗರುಡ, ಬಿಳಿ ಕತ್ತು, ಕೆಂಪು ರೆಕ್ಕೆ, ನೆತ್ತಿಯ ಮೇಲೆ ನಿಧಾನಕ್ಕೆ ಸುತ್ತತೊಡಗಿದವು. ಜನ ಚಪ್ಪಲಿ ಬಿಟ್ಟು ಕೈಮುಗಿದರು. ಅಧ್ಯಕ್ಷರ ಕಣ್ಣಲ್ಲಿ ನೀರು. ಗರುಡ ಬಂದು ಪ್ರದಕ್ಷಿಣೆ ಹಾಕಿದ ಮೇಲೆ ಇನ್ನೇನು ಬೇಕು ಎಂದರು. ನಾನೂ ಕೈಮುಗಿದೆ. ಪಕ್ಕದಲ್ಲಿ ಮಾವ ಆಕಾಶ ನೋಡಲಿಲ್ಲ. ಹೊಂಡದ ಕಡೆ ನೋಡುತ್ತಿದ್ದರು.

ಮರುದಿನವೇ ಅವರು ಸಮಿತಿಯವರ ಬಳಿ ಹೋಗಿ ಹಕ್ಕಿ ಕಾಯುವ ಕೆಲಸ ಕೇಳಿ ಪಡೆದರು. ಪೈಲಟ್ ಪಂಜಾಬಿನ ಹುಡುಗ, ಇಪ್ಪತ್ತೈದು ಇಪ್ಪತ್ತಾರರ ಪ್ರಾಯ. ಕನ್ನಡ ಒಂದಕ್ಷರ ಬಾರದ ಅವನಿಗೆ ಮಾವನ ಬೊಂಬಾಯಿ ಹಿಂದಿ ಸಿಕ್ಕಿದ್ದು ದೊಡ್ಡ ಸಮಾಧಾನವಾಯಿತು. ಚಾಚಾ ಎಂದು ಕರೆಯುತ್ತಿದ್ದ. ಮಾವನ ಮನೆಯಲ್ಲಿ ಊಟಕ್ಕೆ ಕುಳಿತು ಬೈಗೆ ಮೀನಿನ ಸಾರಿಗೆ ಕಣ್ಣು ಮೂಗಲ್ಲೆಲ್ಲ ನೀರು ಸುರಿಸಿಕೊಂಡು, ಮತ್ತೆ ಹಾಕಿ ಎಂದು ತಟ್ಟೆ ಒಡ್ಡುತ್ತಿದ್ದ. ಅಮ್ಮನಿಗೆ ಅವನನ್ನು ಕಂಡರೆ ಪ್ರೀತಿ. ಅಷ್ಟು ದೂರದ ತಾಯಿ ಹೇಗೆ ಕಳಿಸಿಕೊಟ್ಟಳೋ ಎಂದು ಅವನು ಬಂದಾಗೆಲ್ಲ ಹೇಳುತ್ತಿದ್ದಳು.

ಮಾವ ಆ ಹೊಂಡವನ್ನು ಬಿಡಲಿಲ್ಲ. ನಾಲ್ಕು ಆಳು ಹಿಡಿದು ಕೊಳೆಯ ಮೇಲೆ ಮೊಳದೆತ್ತರ ಮಣ್ಣು ಎಳೆಸಿದರು. ಗಾಡಿಯವರಿಗೆ ಬೀಡಿ ಕೊಟ್ಟು, ಬೈದು, ಕಾಲು ಹಿಡಿಯುವುದೊಂದು ಬಾಕಿ, ಮೀನಿನ ಕೊಳೆಯನ್ನು ತೆಂಗಿನ ತೋಟಗಳಿಗೆ ತಿರುಗಿಸಿದರು. ಪೈಲಟ್‌ಗೆ ಕಟ್ಟುನಿಟ್ಟಾಗಿ ಹೇಳಿದರು, ಬೆಳಿಗ್ಗೆ ಎಂಟರೊಳಗೆ ಹಾರಾಟ ಮುಗಿಯಬೇಕು. ಯಾಕೆಂದು ನನಗೂ ವಿವರಿಸಿದ್ದರು. ಮುರಕಲ್ಲು ಬೆಳಿಗ್ಗೆ ತಣ್ಣಗಿರುತ್ತದೆ. ಬಿಸಿಲೇರಿದಂತೆ ಕಾದು, ಅದರ ಮೇಲಿನ ಗಾಳಿ ಬಿಸಿಯಾಗಿ ಮೇಲೇಳುತ್ತದೆ. ಗಿಡುಗ, ಗರುಡಗಳು ರೆಕ್ಕೆ ಬಡಿಯದೆ ಆ ಗಾಳಿಯ ಮೇಲೆ ಸುತ್ತುತ್ತಾ ಏರುತ್ತವೆ. ನಡುಹಗಲಿನಲ್ಲಿ ಅವು ಸುತ್ತುವ ಎತ್ತರವೂ ಈ ಸಣ್ಣ ವಿಮಾನ ತಿರುಗುವ ಎತ್ತರವೂ ಒಂದೇ.

ಹತ್ತು ದಿನದಲ್ಲಿ ಹಕ್ಕಿ ಕಡಿಮೆಯಾದವು. ಎರಡು ವಾರಕ್ಕೆ ಬಯಲಿನ ಮೇಲೆ ಒಂದು ಕಾಗೆಯೂ ಕಾಣುತ್ತಿರಲಿಲ್ಲ. ಹುಳವೂ ಸತ್ತಿತು, ಗದ್ದೆ ಚೇತರಿಸಿತು. ಊರಿಗೆ ಸಂತೋಷ. ಆದರೆ ಅಧ್ಯಕ್ಷರಿಗೆ ಒಂದು ಕೊರಗು ಹತ್ತಿಕೊಂಡಿತು, ಗರುಡ ಯಾಕೆ ಬರುತ್ತಿಲ್ಲ ಎಂದು. ಮೊದಲ ದಿನ ದೇವರೇ ಬಂದು ತೋರಿಸಿಕೊಂಡವರು ಈಗ ಮುಖ ತಿರುಗಿಸಿದರೇ ಎಂದು ಅವರಿಗೆ ನಿಜವಾಗಿಯೂ ಭಯವಾಗಿತ್ತು. ವಿಮಾನ ಬ್ರಹ್ಮಾವರದ ಕಡೆಗೆ ಹೊರಡುವ ಮುಂಚೆ ಇಲ್ಲಿ ಪೂಜೆ, ಸನ್ಮಾನ ಎಂದು ನಿಶ್ಚಯವಾಯಿತು. ಪುರೋಹಿತರು ಅಭಿಜಿನ್ ಮುಹೂರ್ತ ಇಟ್ಟರು. ಎಂದರೆ ಸರಿಯಾಗಿ ನಡುಮಧ್ಯಾಹ್ನ. ವಿಮಾನ ಆ ಹೊತ್ತಿಗೆ ಮೇಲೇರಿ, ಔಷಧಿಯ ಬದಲು ಚೆಂಡುಹೂವಿನ ಎಸಳು ಚೆಲ್ಲಬೇಕು. ಗರುಡ ಬರಲೇಬೇಕು, ಅದಕ್ಕಾಗಿ ಹಿಂದಿನ ದಿನ ಎರಡು ಗಾಡಿ ಮೀನಿನ ಕರುಳನ್ನು ಹೊಂಡಕ್ಕೆ ಸುರಿಯುವುದು. ಆ ವರ್ಷ ಬೈಗೆ ಮೀನು ರಾಶಿರಾಶಿ ಬಿದ್ದಿತ್ತು, ಕರುಳಿಗೇನೂ ಬರವಿರಲಿಲ್ಲ.

ಗಾಡಿಯವನೊಬ್ಬ ಈ ಸುದ್ದಿಯನ್ನು ಮಾವನಿಗೆ ಮುಟ್ಟಿಸಿದಾಗ ಇನ್ನೂ ನಾಲ್ಕು ದಿನವಿತ್ತು. ಅವರು ಅಧ್ಯಕ್ಷರ ಚಾವಡಿಗೆ ಓಡಿದರು. ಅಧ್ಯಕ್ಷರು ಸಿಟ್ಟಾಗಲಿಲ್ಲ, ಕೂರಿಸಿ ಬೆಲ್ಲ ನೀರು ಕೊಟ್ಟರು. ಗರುಡನಿಂದ ಕೆಡುಕಾಗುತ್ತದೆ ಎಂದು ಬಾಯಲ್ಲಿ ಆಡಬೇಡಿ ಎಂದು ಬುದ್ಧಿ ಹೇಳಿ ಕಳಿಸಿದರು. ಪೈಲಟ್‌ನನ್ನು ಕೇಳಿದರೆ, ಸಾವಿರ ಜನ ಸೇರಿ ಸನ್ಮಾನ ಮಾಡುವಾಗ ನಾನಾಗಿ ಒಲ್ಲೆ ಎನ್ನಲಾರೆ, ಮಂಗಳೂರಿನಿಂದ ಆರ್ಡರ್ ಬಂದರೆ ಖುಷಿಯಿಂದ ನಿಲ್ಲಿಸುತ್ತೇನೆ ಎಂದ. ಅವನಿಗೂ ಒಳಗೊಳಗೇ ಅಳುಕಿತ್ತು.

ಆ ಸಂಜೆ ಮಾವ ನಮ್ಮ ಕಚೇರಿಗೆ ಬಂದರು. ವಿಮಾನ ಕಳಿಸಿದ ಮಂಗಳೂರಿನ ದೊಡ್ಡ ಅಧಿಕಾರಿಗೆ ಕಾಗದ ಬರೆಯಬೇಕಿತ್ತು. ಅವರು ಹೇಳುತ್ತಾ ಹೋದರು, ನಾನು ಇಂಗ್ಲಿಷಿನಲ್ಲಿ ಟೈಪು ಮಾಡಿದೆ. ನಡುಹಗಲು ಹಾರಿಸಬಾರದು, ಹೊಂಡಕ್ಕೆ ಮೀನಿನ ಕರುಳು ಹಾಕಿಸಬಾರದು, ಹಾಕಿದರೆ ಏನಾಗುತ್ತದೆ ಎಂಬುದನ್ನು ತಾನು ಕಣ್ಣಾರೆ ಕಂಡಿದ್ದೇನೆ. ಕೊನೆಯ ವಾಕ್ಯವನ್ನು ಎರಡು ಸಲ ಓದಿಸಿಕೊಂಡರು. ಕೆಳಗೆ ಕನ್ನಡದಲ್ಲಿ, ಒಂದೊಂದೇ ಅಕ್ಷರ ಕೆತ್ತಿದ ಹಾಗೆ, ರುಜು ಹಾಕಿದರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು ಹೊರಟರು.

ಅವರು ಮೆಟ್ಟಿಲಿಳಿಯುವಷ್ಟರಲ್ಲಿ ಸಾಹೇಬರು ಬಂದು ಕಾಗದ ಎತ್ತಿಕೊಂಡು ಓದಿದರು. ಹರಿಯಲಿಲ್ಲ, ಬೈಯಲೂ ಇಲ್ಲ. ಮೇಜಿನ ಮೇಲೆ ಬೋರಲಾಗಿ ಇಟ್ಟು ಮೆಲ್ಲಗೆ ಅಂದರು, "ಒಳ್ಳೆ ಕಾರ್ಯಕ್ಕೆ ಕಲ್ಲು ಹಾಕೋದು ಬೇಡ. ಕಾರ್ಯಕ್ರಮ ಮುಗೀಲಿ, ಆಮೇಲೆ ಕಳಿಸು. ನಿನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ ಅಲ್ವಾ?"

ಕಾಗದವನ್ನು ನನ್ನ ಡ್ರಾಯರಿನೊಳಗೆ ಇಟ್ಟೆ. ಕಚೇರಿಯ ಎದುರಿಗೇ, ರಸ್ತೆಯಾಚೆ, ಅಂಚೆಪೆಟ್ಟಿಗೆ ಇತ್ತು. ನಾಲ್ಕು ದಿನ ಬೆಳಿಗ್ಗೆ ಸಂಜೆ ನಾನು ಅದರ ಪಕ್ಕದಲ್ಲೇ ನಡೆದುಹೋದೆ. ಒಂದು ಲಕೋಟೆ, ಒಂದು ಅಂಚೆಚೀಟಿ, ಅಷ್ಟೇ ಬೇಕಿದ್ದದ್ದು. ನಾನು ಹೇಡಿ ಎಂಬುದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಮರುಸಂಜೆ ದೋಣಿ ಇಳಿಯುವಾಗ ಮಾವ ದಡದಲ್ಲಿ ಕಾಯುತ್ತಿದ್ದರು.

"ಕಾಗ್ದ ಹೋಯ್ತಾ ಮಗಾ?"

"ಹೋಯ್ತ್ ಮಾವ."

ಅವರು ನಿರಾಳವಾಗಿ ಉಸಿರು ಬಿಟ್ಟ ಸದ್ದು ಈಗಲೂ ಕಿವಿಯಲ್ಲಿದೆ. ನಾನು ಹೋಗಿಲ್ಲ ಎಂದಿದ್ದರೆ ಅವರು ಅದೇ ರಾತ್ರಿ ಬಸ್ಸು ಹತ್ತಿ ಮಂಗಳೂರಿಗೆ ಹೋಗಿ ಆ ಅಧಿಕಾರಿಯ ಮನೆ ಬಾಗಿಲಲ್ಲಿ ಕೂರುತ್ತಿದ್ದರು. ಹೋಯಿತು ಎಂದದ್ದರಿಂದ ಆರ್ಡರಿಗಾಗಿ ಕಾದರು.

ಆ ದಿನ ಆಕಾಶದಲ್ಲಿ ಒಂದು ಚೂರೂ ಮೋಡವಿರಲಿಲ್ಲ. ಹಿಂದಿನ ದಿನ ಸುರಿದ ಕರುಳಿನ ನಾತ ಬಯಲಿನ ತುಂಬ. ಊದುಬತ್ತಿ, ಕರ್ಪೂರ ಹಚ್ಚಿದರೂ ಮರೆಯಾಗಲಿಲ್ಲ, ಜನ ಮೂಗಿಗೆ ಸೆರಗು ಒತ್ತಿಕೊಂಡು ಕೈಮುಗಿದರು. ಹನ್ನೊಂದರ ಹೊತ್ತಿಗೆ ಗರುಡಗಳು ಬಂದವು. ಮೊದಲ ದಿನದ ಹಾಗೆ ಎರಡಲ್ಲ, ಕಣ್ಣು ಹಾಯಿಸಿದಷ್ಟೂ. ಅವುಗಳ ನಡುವೆ ಕಪ್ಪು ಗಿಡುಗಗಳು, ಕೆಳಗೆ ಕಾಗೆ. ಪದರಪದರವಾಗಿ, ಸದ್ದಿಲ್ಲದೆ, ಒಂದೇ ದಿಕ್ಕಿನಲ್ಲಿ ಸುತ್ತುತ್ತಿದ್ದವು. ಅವುಗಳ ನೆರಳು ನಮ್ಮ ಮುಖದ ಮೇಲೆ ಹಾದುಹೋಗುತ್ತಿತ್ತು. ಇಷ್ಟು ಗರುಡ ಒಟ್ಟಿಗೆ ಕಂಡವರೇ ಇಲ್ಲ ಎಂದು ಮುದುಕಿಯರು ಗಲ್ಲ ಗಲ್ಲ ಬಡಿದುಕೊಂಡರು. ಅಧ್ಯಕ್ಷರು ನೆಲಕ್ಕೆ ಅಡ್ಡಬಿದ್ದರು.

ಪೈಲಟ್ ಹಾರ ಹಾಕಿಸಿಕೊಂಡು ವಿಮಾನದ ಕಡೆ ನಡೆಯುವಾಗ ತಿರುಗಿ ಜನರ ನಡುವೆ ಯಾರನ್ನೋ ಹುಡುಕಿದ. ಮಾವ ಆಗ ಓಡುಹಾದಿಯ ಆ ತುದಿಯಲ್ಲಿದ್ದರು. ಕಪ್ಪು ಬಟ್ಟೆ ಕಟ್ಟಿದ ಬಿದಿರಿನ ಕೋಲು ಬೀಸುತ್ತಾ, ಡಬ್ಬ ಬಡಿಯುತ್ತಾ, ಆ ವಯಸ್ಸಿನಲ್ಲಿ ಹೊಂಡದ ಸುತ್ತ ಓಡುತ್ತಿದ್ದರು. ಸಮಿತಿಯ ಇಬ್ಬರು ಗಟ್ಟಿಮುಟ್ಟಾದವರು ಹೋಗಿ ಅವರ ತೋಳು ಹಿಡಿದರು. "ಗರುಡನ್ ಓಡ್ಸುದಾ? ಹುಚ್ಚ್ ಹಿಡ್ದಿತ್ತಾ ನಿಮ್ಗೆ?" ಎಂದು ಒಬ್ಬ ಕೇಳಿದ್ದು ನಾನು ನಿಂತಲ್ಲಿಯವರೆಗೆ ಕೇಳಿಸಿತು. ಕೋಲು ಕಸಿದುಕೊಂಡರು. ಮಾವ ಅವರ ಹಿಡಿತದಲ್ಲಿ ನಿಂತೇ ಕುಂದಾಪುರದ ರಸ್ತೆಯ ಕಡೆ ನೋಡಿದರು, ಯಾರಾದರೂ ಆರ್ಡರ್ ತರುತ್ತಿದ್ದಾರೋ ಎಂದು. ಆ ನೋಟದ ಅರ್ಥ ಬಯಲಿನಲ್ಲಿದ್ದ ಸಾವಿರ ಜನರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಆಗಲಾದರೂ ನಾನು ಕೂಗಬಹುದಿತ್ತು.

ವಿಮಾನ ಏರಿತು. ಮೊದಲ ಸುತ್ತಿನಲ್ಲಿ ಹೂವು ಚೆಲ್ಲಿತು, ಜನ ಹೋ ಎಂದರು. ಎರಡನೆಯ ಸುತ್ತಿಗೆ ಹೊಂಡದ ಮೇಲಿಂದ ತಿರುಗುವಾಗ ತೆಂಗಿನಕಾಯಿ ಕಲ್ಲಿಗೆ ಬಿದ್ದು ಒಡೆದಂಥ ಸದ್ದು ಒಂದು ಸಲ ಬಂತು, ಮತ್ತೊಂದು ಸಲ ಬಂತು. ಇಂಜಿನ್ನಿನ ಸದ್ದು ಕೆಮ್ಮಿದ ಹಾಗಾಗಿ ನಿಂತಿತು. ಗೇರುಗುಡ್ಡೆಯ ಆಚೆ ವಿಮಾನ ಜಾರಿ ಮರೆಯಾದದ್ದನ್ನು ಕಂಡೆವು, ಬಿದ್ದದ್ದನ್ನು ಕೇಳಿದೆವು. ಆಮೇಲೂ ಸ್ವಲ್ಪ ಹೊತ್ತು ನಮ್ಮ ತಲೆಯ ಮೇಲೆ ಚೆಂಡುಹೂವಿನ ಎಸಳು ಉದುರುತ್ತಲೇ ಇತ್ತು.

ಹುಡುಗ ಅಲ್ಲೇ ತೀರಿಹೋಗಿದ್ದ. ಪ್ರೊಪೆಲ್ಲರಿನ ಬಳಿ ಒಂದು ಗರುಡ ಸಿಕ್ಕಿತು. ಗರುಡ ಸತ್ತ ದೋಷಕ್ಕೆ ಶಾಂತಿಯಾಗಬೇಕೆಂದು, ಅಧ್ಯಕ್ಷರು ಹೆಗಲ ಮೇಲಿನ ಪಟ್ಟೆ ಶಾಲಿನಲ್ಲಿ ಅದನ್ನು ಸುತ್ತಿಸಿ, ಮಂತ್ರ ಹೇಳಿಸಿ, ತುಪ್ಪ ಸುರಿಸಿ ಸಂಸ್ಕಾರ ಮಾಡಿಸಿದರು. ಹುಡುಗನನ್ನು ಕುಂದಾಪುರದ ಪ್ರವಾಸಿ ಬಂಗಲೆಯ ಜಗಲಿಯಲ್ಲಿ ಟಾರ್ಪಾಲು ಮುಚ್ಚಿ ಮಲಗಿಸಿದ್ದರು, ಅವನ ಅಣ್ಣ ಬರುವವರೆಗೆ. ಆ ಹೊತ್ತೆಲ್ಲ ಪಕ್ಕದಲ್ಲಿ ಕುಳಿತು ನೊಣ ಓಡಿಸಿದವರು ಮಾವ ಒಬ್ಬರೇ.

ಅಣ್ಣ ಬಂದು ಕರೆದುಕೊಂಡು ಹೋದ ಮೇಲೆ ಅವರು ನಮ್ಮ ಮನೆಗೆ ಬಂದರು. ಅಂಗಳದಲ್ಲೇ ನಿಂತು, ಕಾಗದ ಎಲ್ಲಿ ನಿಂತುಹೋಯಿತು ಎಂದು ಕೇಳಿದರು. ಅವರು ಅಂಚೆಯನ್ನು ಬೈಯಲು ಬಂದಿದ್ದರು. ನಾನು ನಿಜ ಹೇಳಿದೆ, ಸಾಹೇಬರ ಮಾತನ್ನೂ ಹೇಳಿದೆ. ಅವರು ಜಗಲಿಯ ಅಂಚಿನಲ್ಲಿ ಕುಳಿತರು. ನನ್ನನ್ನು ನೋಡದೆ ಮಾತಾಡಿದರು.

"ಆ ಹುಡ್ಗ ಆ ದಿನ ಬೆಳಿಗ್ಗೆ ಕೇಂಡ, ಆರ್ಡರ್ ಬಂತಾ ಚಾಚಾ ಅಂದೇಳಿ. ಬತ್ತ್, ಹೆದ್ರಬೇಡ ಅಂದೆ ನಾ."

ಅಷ್ಟೇ. ಬೈದಿದ್ದರೆ, ಹೊಡೆದಿದ್ದರೆ, ನಾನು ಉಳಿದುಕೊಳ್ಳುತ್ತಿದ್ದೆ.

ವಾರದೊಳಗೆ ವಿಚಾರಣೆಗೆಂದು ಇಬ್ಬರು ಅಧಿಕಾರಿಗಳು ಬಂದರು. ಬಂಗಲೆಯ ಅದೇ ಜಗಲಿಯಲ್ಲಿ ಮೇಜು ಹಾಕಿದರು. ಹೇಳಿಕೆಗಳನ್ನು ಟೈಪು ಮಾಡಲು ನಮ್ಮ ಕಚೇರಿಯಿಂದ ನನ್ನನ್ನೇ ಕಳಿಸಿದರು. ಪಕ್ಕದಲ್ಲಿ ಸಾಹೇಬರು ನಿಂತಿದ್ದರು. ಅಧ್ಯಕ್ಷರೂ ಸಮಿತಿಯವರೂ, ಹಕ್ಕಿಯಿಂದ ಅಪಾಯವೆಂದು ತಮಗೆ ಯಾರೂ ಖಚಿತವಾಗಿ ತಿಳಿಸಿರಲಿಲ್ಲ ಎಂದರು. ಮಾವನ ಸರದಿ ಬಂತು. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವರು ನೀವು, ಅಪಾಯ ಗೊತ್ತಿದ್ದೂ ಮೇಲಿನವರಿಗೆ ಯಾಕೆ ಬರೆದು ತಿಳಿಸಲಿಲ್ಲ ಎಂದು ಅಧಿಕಾರಿ ಕೇಳಿದರು. ಮಾವ ಒಮ್ಮೆ ನನ್ನ ಕಡೆ ನೋಡಿದರು.

"ಮರ್ತ್ ಹೋಯ್ತ್ ಸಾಯ್ಬ್ರೆ."

ನಾನು ಅದನ್ನು ಟೈಪು ಮಾಡಿದೆ. ತಪ್ಪಿಲ್ಲದೆ ಮಾಡಿದೆ.

ದೋಣಿಯಲ್ಲಿ ವಾಪಸು ಬರುವಾಗ ಯಾಕೆ ಹೀಗೆ ಮಾಡಿದಿರಿ ಎಂದು ಅಳುತ್ತಾ ಕೇಳಿದೆ. ನೀರಿಗೆ ಕೈ ಇಳಿಬಿಟ್ಟುಕೊಂಡು ಕುಳಿತಿದ್ದರು. "ನಿನ್ ಹೆಸ್ರ್ ಬಂದ್ರೆ ನಾಳಿಂದ ನೀ ಮನಿಯಂಗೆ. ತಮ್ಮಂದಿರ್ ಶಾಲಿ ಬಿಡ್ಕ್. ನಂಗೆಂತ ಮಗಾ, ನಾ ಒಬ್ಬ ಮುದ್ಕ" ಎಂದರು. ಆ ಸಾಹೇಬರ ಹೆಸರನ್ನು ಹೇಳಬಹುದಿತ್ತಲ್ಲ ಎಂದೆ. ಅವರ ಹೆಸರು ಹೇಳಿದರೆ ನಿನ್ನ ಹೆಸರು ಹೇಳಿದ ಹಾಗೇ ಅಲ್ಲವಾ ಎಂದರು.

ಆಮೇಲೆ ಊರು ಅವರನ್ನು ಸುಮ್ಮನೆ ಬಿಡಲಿಲ್ಲ. ಹಕ್ಕಿ ಕಾಯಲು ಇಟ್ಟರೆ ಮರೆತು ಕುಳಿತ ಮುದುಕ ಎಂದರು. ಕುಡಿದಿದ್ದರು ಎಂದೂ ಸೇರಿಸಿದರು, ಅವರು ಬೀಡಿ ಬಿಟ್ಟು ಬೇರೇನನ್ನೂ ಮುಟ್ಟಿದವರಲ್ಲ. ಅಂಗಡಿಯ ಜಗಲಿಯಲ್ಲಿ ಅವರು ಕುಳಿತರೆ ಪಕ್ಕದವರು ಎದ್ದು ಹೋಗುತ್ತಿದ್ದರು. ಅವರು ಯಾರಿಗೂ ತಿರುಗಿ ಒಂದು ಮಾತು ಹೇಳಲಿಲ್ಲ. ನನ್ನ ಕೆಲಸ ಖಾಯಮಾಯಿತು, ತಮ್ಮಂದಿರು ಓದಿದರು. ದಿನಾ ಸಂಜೆ ನಾನು ಅವರಿಗೆ ಗಂಜಿ ಕೊಂಡುಹೋಗುತ್ತಿದ್ದೆ. ಅವರು ಉಣ್ಣುತ್ತಿದ್ದರು, ಒಳ್ಳೆಯದಾಯಿತು ಮಗಾ ಎನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಶಿಕ್ಷೆ ನನಗೆ ಯಾರೂ ಕೊಟ್ಟಿಲ್ಲ.

ಎಪ್ಪತ್ತರ ದಶಕ ಹೊಕ್ಕ ಮೇಲೆ ಒಂದು ಆಷಾಢದಲ್ಲಿ ಉಬ್ಬಸ ಹೆಚ್ಚಾಗಿ ಅವರು ತೀರಿಕೊಂಡರು. ಬಾಯಿಗೆ ನೀರು ಬಿಟ್ಟವಳು ನಾನು. ಅಧ್ಯಕ್ಷರು ಆ ಮಳೆಯಲ್ಲೂ ಕೊಡೆ ಹಿಡಿದು ಬಂದರು, ದೊಡ್ಡ ಮನಸ್ಸಿನವರು. ಹೆಣದ ಕಾಲ ಬಳಿ ನಿಂತು ಎಲ್ಲರಿಗೂ ಕೇಳುವ ಹಾಗೆ ಅಂದರು, "ಪಾಪ, ಒಳ್ಳೆ ಮನ್ಷ. ಒಂದ್ ಮಾತ್ ಮೊದ್ಲೇ ಬರ್ದ್ ತಿಳ್ಸಿದ್ರೆ ಆ ಹುಡ್ಗ ಉಳೀತಿದ್ದ. ಎಂತ ಮಾಡುದ್, ಮರ್ತ್ ಹೋಯ್ತ್."

ಹೌದು ಹೌದು ಎಂದು ನೆರೆದವರು ತಲೆಯಾಡಿಸಿದರು. ನಾನು ಹೆಣದ ತಲೆಯ ಬಳಿ ಕುಳಿತಿದ್ದೆ. ಬಾಯಿ ತೆರೆದೆ, ಮುಚ್ಚಿಕೊಂಡೆ.

ಈಗ ಅಧ್ಯಕ್ಷರಿಲ್ಲ, ಸಾಹೇಬರಿಲ್ಲ, ನಾನೂ ನಿವೃತ್ತಳಾಗಿ ಎಷ್ಟೋ ವರ್ಷವಾಯಿತು. ಯಾರೂ ಕಿತ್ತುಕೊಳ್ಳಲು ನನ್ನ ಬಳಿ ಕೆಲಸವೇ ಇಲ್ಲದಿರುವಾಗ ನನಗೆ ಧೈರ್ಯ ಬಂದಿದೆ, ಅದನ್ನು ಧೈರ್ಯ ಎನ್ನಬಹುದಾದರೆ. ಏರೋಡ್ರಂ ಮಾವ ಏನನ್ನೂ ಮರೆತಿರಲಿಲ್ಲ. ಎಲ್ಲವನ್ನೂ ನಾಲ್ಕು ದಿನ ಮುಂಚೆಯೇ ಬರೆಸಿ, ರುಜು ಹಾಕಿ ಕೊಟ್ಟಿದ್ದರು. ಆ ಕಾಗದವನ್ನು ಟೈಪು ಮಾಡಿದವಳು ನಾನು. ಕಳಿಸದೆ ಇಟ್ಟುಕೊಂಡವಳೂ ನಾನೇ.